ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಯ್ದೆಗೆ ಅಂಕಿತ ಬಿತ್ತು, ಜಾರಿಗೆ ಬಂತೇ?

ಈ ಸಲ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ ಇತ್ತೀಚಿನ ಕಾಯ್ದೆಗಳನ್ನು ಕುರಿತವು. ಕೇಳಿದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ಕಸುಬಿನವರು. ಆದರೂ ಸಂದೇಹ ಬಹುಮಟ್ಟಿಗೆ ಒಂದೇ: ಪತ್ರಿಕೆಯಲ್ಲಿ ಓದಿದ ಕಾಯ್ದೆಯು ತಮ್ಮ ಠಾಣೆಗೆ, ಕಾರ್ಖಾನೆಗೆ, ಪಂಚಾಯಿತಿಗೆ ಬಂದು ಮುಟ್ಟಿದೆಯೇ ಎಂಬುದು. ಹಾಗಾಗಿ ಮೊದಲು ಹೊನ್ನಾಳಿಯ ಶಿಕ್ಷಕಿಯೊಬ್ಬರ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಒಂದು ಕಾಯ್ದೆ ‘ಬಂದ’ ದಿನ ಯಾವುದೆಂದು ಅವರು ಕೇಳಿದರೆ ಏನು ಹೇಳಬೇಕು? ಸಂಸತ್ತು ಒಪ್ಪಿದ ದಿನವೇ, ರಾಷ್ಟ್ರಪತಿಗಳು ಅಂಕಿತ ಹಾಕಿದ ದಿನವೇ? ಒಂದೊಂದು ಮಾರ್ಗದರ್ಶಿಯಲ್ಲಿ ಒಂದೊಂದು ದಿನಾಂಕವಿದೆ.
— ಶಿಕ್ಷಕಿ, ಹೊನ್ನಾಳಿ

ಉತ್ತರ: ಮಾರ್ಗದರ್ಶಿಗಳಲ್ಲಿರುವ ಎಲ್ಲ ದಿನಾಂಕಗಳೂ ಸರಿಯಾಗಿರಬಹುದು, ಅವು ಬೇರೆ ಬೇರೆ ಘಟನೆಗಳ ದಿನಾಂಕಗಳು. ಎರಡೂ ಸದನಗಳು ಅಂಗೀಕರಿಸಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಾಗ ಅದು ಕಾಯ್ದೆಯಾಗುತ್ತದೆ. ಆದರೆ ಕಾಯ್ದೆಯಾಗುವುದು ಬೇರೆ, ಜಾರಿಗೆ ಬರುವುದು ಬೇರೆ. ಬಹುಪಾಲು ಕಾಯ್ದೆಗಳ ಮೊದಲ ಕಲಂನಲ್ಲಿಯೇ ‘ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು’ ಎಂಬ ಅರ್ಥದ ಮಾತಿರುತ್ತದೆ. ಅಂಥ ಮಾತು ಇಲ್ಲದಿದ್ದರೆ ಮಾತ್ರ, 1897ರ ಜನರಲ್ ಕ್ಲಾಜಸ್ ಆಕ್ಟ್ ಪ್ರಕಾರ, ಅಂಕಿತದ ದಿನವೇ ಜಾರಿಯ ದಿನ.

ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಕಾರ್ಮಿಕ ಸಂಹಿತೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವೇತನ ಸಂಹಿತೆಗೆ 2019ರ ಆಗಸ್ಟ್‌ನಲ್ಲಿ ಅಂಕಿತ ಬಿತ್ತು. ಉಳಿದ ಮೂರು ಸಂಹಿತೆಗಳಿಗೆ 2020ರ ಸೆಪ್ಟೆಂಬರ್‌ನಲ್ಲಿ ಬಿತ್ತು. ನಾಲ್ಕೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಆರು ವರ್ಷ ಕಾಲ ಮೊದಲನೆಯದು ಪುಸ್ತಕದಲ್ಲಷ್ಟೇ ಇತ್ತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ಅಂಕಿತ ಬಿದ್ದ ಕೆಲವೇ ದಿನಗಳಲ್ಲಿ, ಜಾರಿಯ ಅಧಿಸೂಚನೆಗೂ ಕಾಯದೆ, ದೊಡ್ಡ ಕಂಪನಿಗಳು ತಾವಾಗಿಯೇ ಅಂಥ ಆಟಗಳನ್ನು ನಿಲ್ಲಿಸಿದವು.

ಇನ್ನೊಂದು ಸೂಕ್ಷ್ಮವನ್ನು ಮಕ್ಕಳಿಗೆ ತಪ್ಪದೆ ಹೇಳಿ. ಒಂದು ಕಾಯ್ದೆ ಇಡಿಯಾಗಿ ಒಂದೇ ದಿನ ಜಾರಿಗೆ ಬರಬೇಕೆಂದೇನೂ ಇಲ್ಲ. ಹಳೆಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬರಬೇಕೆಂದು ಆ ವರ್ಷದ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಟಾಗ ಅದರಿಂದ ಕಲಂ 106ರ 2ನೇ ಉಪಕಲಂ ಒಂದನ್ನು ಹೊರಗಿಡಲಾಯಿತು. ಅಪಘಾತದಲ್ಲಿ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗೆ ಸಜೆ ವಿಧಿಸುವ ಉಪಕಲಂ ಅದು. ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ್ದರ ಫಲವಾಗಿ ಅದು ತಡೆಯಲ್ಲಿ ಉಳಿಯಿತು. ‘ಹೊಸ ಕಾನೂನಿನಲ್ಲಿ ಹಿಟ್ ಅಂಡ್ ರನ್‌ಗೆ ಹತ್ತು ವರ್ಷ’ ಎಂದು ಬಾಯಿಪಾಠ ಮಾಡಿಸುವ ಮಾರ್ಗದರ್ಶಿಯನ್ನು ಪಕ್ಕಕ್ಕಿಟ್ಟು, ಅಧಿಸೂಚನೆಯನ್ನು ಓದಿಸುವುದು ಒಳ್ಳೆಯದು.

ಪ್ರಶ್ನೆ: ಬಳ್ಳಾರಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬರುವಾಗ ನನ್ನ ಬ್ಯಾಗು ಕಳವಾಯಿತು. ಅದರಲ್ಲಿ ಲ್ಯಾಪ್‌ಟಾಪ್, ಮೊಬೈಲ್ ಇದ್ದವು. ಚಿತ್ರದುರ್ಗದಲ್ಲಿ ಚಹಾಕ್ಕೆ ಇಳಿದಾಗ ಇತ್ತು, ಬೆಂಗಳೂರಿನಲ್ಲಿ ಇಳಿಯುವಾಗ ಇರಲಿಲ್ಲ. ಠಾಣೆಯಲ್ಲಿ ‘ಇದು ನಮ್ಮ ಸರಹದ್ದಲ್ಲ’ ಎಂದರು. ಕೊನೆಗೆ ಮೊಬೈಲಿನಲ್ಲಿ ‘ಇ-ಲಾಸ್ಟ್’ ವರದಿ ಮಾಡಿಕೊಳ್ಳಿ ಎಂದು ಕಳಿಸಿದರು. ಜೀರೋ ಎಫ್‌ಐಆರ್ ಎಂಬುದು ನಿಜವಾಗಿಯೂ ಇದೆಯೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಇದೆ; ಈಗ ಅದು ಅಧಿಕಾರಿಯ ಮರ್ಜಿಗೆ ಬಿಟ್ಟದ್ದಲ್ಲ, ಕಾಯ್ದೆಯ ಅಕ್ಷರದಲ್ಲಿಯೇ ಇದೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ) ಅಪರಾಧದ ವರ್ತಮಾನವನ್ನು, ಆ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ, ಯಾವುದೇ ಠಾಣೆಯಲ್ಲಿ ಕೊಡಬಹುದು. ಆ ಠಾಣೆಯವರು ಸೊನ್ನೆ ಸಂಖ್ಯೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುತ್ತಾರೆ. ಅಲ್ಲಿ ಅದಕ್ಕೆ ಕ್ರಮಸಂಖ್ಯೆ ಬೀಳುತ್ತದೆ. ಚಿತ್ರದುರ್ಗಕ್ಕೂ ಬೆಂಗಳೂರಿಗೂ ನಡುವೆ ಎಲ್ಲಿ ಕಳವಾಯಿತೆಂದು ಪತ್ತೆ ಹಚ್ಚಿ ಠಾಣೆ ಆರಿಸುವ ಹೊರೆ ಪ್ರಯಾಣಿಕನದಲ್ಲ.

ಇ-ಲಾಸ್ಟ್ ವಿಚಾರದಲ್ಲಿ ನೀವು ಒಂದು ಪದದ ಬಗ್ಗೆ ಎಚ್ಚರ ವಹಿಸಬೇಕಿತ್ತು. ಆ ವರದಿ ಇರುವುದು ಕಳೆದುಹೋದ ವಸ್ತುಗಳಿಗೆ. ‘ಕಳೆದುಹೋಗಿದೆ’ ಎಂದರೆ ಅಪರಾಧವೇ ಇಲ್ಲ, ತನಿಖೆಯೂ ಇಲ್ಲ. ‘ಕಳವಾಗಿದೆ’ ಎಂದರೆ ನ್ಯಾಯ ಸಂಹಿತೆಯ ಕಲಂ 303ರ ಅಪರಾಧ. ನಿದ್ದೆಗಣ್ಣಿನಲ್ಲಿ, ಸುಸ್ತಾಗಿ ನಿಂತ ಪ್ರಯಾಣಿಕನ ಕೈಯಲ್ಲಿ ಮೊದಲನೆಯ ಮಾತನ್ನು ಬರೆಸಿಕೊಂಡರೆ ಠಾಣೆಯ ಕೆಲಸ ಹಗುರಾಗುತ್ತದೆ, ನಿಮ್ಮ ಪ್ರಕರಣವೂ ಅಲ್ಲಿಗೇ ಮುಗಿಯುತ್ತದೆ. ಈಗಲೂ ತಡವಾಗಿಲ್ಲ. ಬಸ್ಸಿನ ಟಿಕೆಟ್, ಲ್ಯಾಪ್‌ಟಾಪಿನ ಬಿಲ್ಲು, ಮೊಬೈಲಿನ ಐಎಂಇಐ ಸಂಖ್ಯೆ ಇವುಗಳೊಂದಿಗೆ, ಬ್ಯಾಗು ಕಡೆಯ ಬಾರಿ ಕಂಡದ್ದು ಎಲ್ಲಿ, ಇಲ್ಲವೆಂದು ತಿಳಿದದ್ದು ಎಲ್ಲಿ ಎಂಬುದನ್ನು ಹೊತ್ತಿನ ಸಮೇತ ನಮೂದಿಸಿ, ‘ಕಳವು’ ಎಂಬ ಪದವನ್ನೇ ಬಳಸಿ ಲಿಖಿತ ದೂರು ಕೊಡಿ. ತಡವಾದದ್ದು ಏಕೆಂಬುದನ್ನೂ ಒಂದು ವಾಕ್ಯದಲ್ಲಿ ತಿಳಿಸಿ.

ದೂರನ್ನು ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಲೂ ಅವಕಾಶವಿದೆ. ಆದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಿದರೆ ಮಾತ್ರ ಅದು ದಾಖಲೆಗೆ ಸೇರುತ್ತದೆ. ಹಲವರು ಇಲ್ಲಿಯೇ ಎಡವುತ್ತಾರೆ. ವರದಿಯ ಪ್ರತಿಯನ್ನು ಠಾಣೆಯವರು ಉಚಿತವಾಗಿ ಕೊಡಬೇಕು.

ಇಷ್ಟು ಹೇಳಿ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಕಲಂ 173ರ 3ನೇ ಉಪಕಲಂ ಹೊಸದಾಗಿ ಸೇರಿದ್ದು. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅವರ ಅನುಮತಿ ಪಡೆದು, ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು ಎನ್ನುತ್ತದೆ ಅದು. ಕಲಂ 303ರ ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ; ಬಸ್ಸಿನಂಥ ಪ್ರಯಾಣಿಕ ವಾಹನದಿಂದ ಕದ್ದರೆ ಕಲಂ 305ರಂತೆ ಏಳು ವರ್ಷದವರೆಗೆ. ಅಂದರೆ ಠಾಣೆಯವರು 303 ಮಾತ್ರ ಹಿಡಿದರೆ ನಿಮ್ಮ ಪ್ರಕರಣ ಸರಿಯಾಗಿ ಅದರ ಹೊಸ್ತಿಲ ಮೇಲೆ ನಿಲ್ಲುತ್ತದೆ, 305 ಹಿಡಿದರೆ ಅದರ ಹೊರಗೆ. ಹಾಗಾಗಿ ‘ವಿಚಾರಣೆ ಮಾಡುತ್ತೇವೆ’ ಎಂದರೆ, ಅನುಮತಿ ಪಡೆದಿದ್ದೀರಾ, ಹದಿನಾಲ್ಕು ದಿನ ಎಂದಿಗೆ ಮುಗಿಯುತ್ತದೆ ಎಂದು ವಿನಯದಿಂದಲೇ ಕೇಳಿ, ಹಿಂಬರಹ ಪಡೆಯಿರಿ. ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ ಅದರ ಸಾರಾಂಶವನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ವರದಿ ದಾಖಲಾದ ಮೇಲೆ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯವೆಂದು ಕಲಂ 193 ಹೇಳುತ್ತದೆ. ಮೊಬೈಲನ್ನು ಬೇರೆಯವರು ಬಳಸದಂತೆ ಸಂಚಾರ ಸಾಥಿ ಪೋರ್ಟಲಿನಲ್ಲಿ ತಡೆಹಿಡಿಯಲಿಕ್ಕೂ ಪೊಲೀಸ್ ದೂರಿನ ಪ್ರತಿ ಬೇಕಾಗುತ್ತದೆ.

ಪ್ರಶ್ನೆ: ನಿವೇಶನ ಕೊಡಿಸುವುದಾಗಿ ನಂಬಿಸಿ ಒಬ್ಬರು 2024ರ ಮಾರ್ಚಿನಲ್ಲಿ ನಮ್ಮಿಂದ ಹಣ ಪಡೆದು ಮೋಸ ಮಾಡಿದರು. ಸೆಪ್ಟೆಂಬರಿನಲ್ಲಿ ದೂರು ಕೊಟ್ಟಾಗ ಪೊಲೀಸರು ಹಳೆಯ ಐಪಿಸಿ 420 ಹಾಕಿದ್ದಾರೆ. ರದ್ದಾದ ಕಾನೂನಿನಲ್ಲಿ ಪ್ರಕರಣ ನಿಲ್ಲುತ್ತದೆಯೇ?
— ನಿವೃತ್ತ ಗುಮಾಸ್ತರು, ತಿಪಟೂರು

ಉತ್ತರ: ನಿಲ್ಲುತ್ತದೆ, ಪೊಲೀಸರು ಮಾಡಿದ್ದು ಸರಿ. ಕೃತ್ಯ ನಡೆದ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದರ ಪ್ರಕಾರವೇ ಅಪರಾಧ ನಿರ್ಣಯವಾಗಬೇಕೆಂಬುದು ಸಂವಿಧಾನದ 20ನೇ ವಿಧಿಯ ಮಾತು. ನ್ಯಾಯ ಸಂಹಿತೆಯ ಕೊನೆಯ ಕಲಂ, ಅಂದರೆ 358, ಹಳೆಯ ಕೃತ್ಯಗಳ ಹೊಣೆಯನ್ನು ಹಾಗೆಯೇ ಉಳಿಸಿದೆ. ಆದರೆ ವರದಿ ದಾಖಲಾದದ್ದು ಜುಲೈ 1ರ ನಂತರವಾದ್ದರಿಂದ ತನಿಖೆಯ ವಿಧಾನ ಹೊಸ ನಾಗರಿಕ ಸುರಕ್ಷಾ ಸಂಹಿತೆಯದು. ನಿಮ್ಮ ವರದಿಯಲ್ಲಿ ಮೇಲೆ ಕಲಂ 173, ಕೆಳಗೆ ಐಪಿಸಿ 420 ಕಂಡರೆ ಗಾಬರಿಯಾಗಬೇಡಿ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹೊಸ ಕಾರ್ಮಿಕ ಸಂಹಿತೆಯಿಂದ ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನನ್ನ ಒಟ್ಟು ಸಂಬಳ 44,000 ರೂಪಾಯಿ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 16,000. ಹತ್ತು ವರ್ಷದ ಸೇವೆಯಾಗಿದೆ.
— ಓದುಗರು, ದಾಸರಹಳ್ಳಿ

ಉತ್ತರ: ಅಂಕಿಅಂಶ ಕೊಟ್ಟು ಕೇಳಿದ್ದೀರಿ, ಅದರಿಂದಲೇ ಹೇಳೋಣ. ಸಂಹಿತೆಯ ಪ್ರಕಾರ ‘ವೇತನ’ ಎಂದರೆ ಮೂಲವೇತನ, ತುಟ್ಟಿಭತ್ಯೆ ಮತ್ತು ಉಳಿಕೆ ಭತ್ಯೆ (ಕೆಲಸವಿಲ್ಲದ ಕಾಲದಲ್ಲೂ ನೌಕರರನ್ನು ಉಳಿಸಿಕೊಳ್ಳಲು ಕೊಡುವ ‘ರಿಟೈನಿಂಗ್ ಅಲೋವನ್ಸ್’). ಮನೆಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳು ಅದರ ಹೊರಗೆ. ಆದರೆ ಈ ಹೊರಗಿನ ಬಾಬ್ತುಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಿಡಿಯಬೇಕು. ನಿಮ್ಮ ಭತ್ಯೆಗಳು 28,000, ಒಟ್ಟಿನ ಅರ್ಧ 22,000, ಮೀರಿದ್ದು 6,000. ಅದನ್ನು 16,000ಕ್ಕೆ ಕೂಡಿಸಿದರೆ ನಿಮ್ಮ ವೇತನ 22,000 ರೂಪಾಯಿ.

ಈಗ ಭವಿಷ್ಯನಿಧಿ. ಕಡ್ಡಾಯ ವಂತಿಗೆಗೆ 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯ ಮೇಲೆ ನಿಮ್ಮ ಸಂಸ್ಥೆ ಶೇ 12ರಂತೆ 1,800 ಮುರಿಯುತ್ತಿದ್ದರೆ, ವೇತನ 22,000 ಎಂದಾದರೂ ಮುರಿಯುವುದು ಅಷ್ಟೇ. ಮಿತಿಯ ಮೇಲೆ ವಂತಿಗೆ ಕಟ್ಟುವವರ ಕೈಸಂಬಳ ಇದರಿಂದ ಕುಗ್ಗುವುದಿಲ್ಲವೆಂದು ಕಾರ್ಮಿಕ ಸಚಿವಾಲಯವೂ 2025ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಮಿತಿಯನ್ನು ದಾಟಿ ನಿಜವಾದ ಮೂಲವೇತನದ ಮೇಲೆಯೇ ವಂತಿಗೆ ಕಟ್ಟುವ ಸಂಸ್ಥೆಯಾದರೆ ಮಾತ್ರ 1,920ರ ಜಾಗದಲ್ಲಿ 2,640 ಆಗಬಹುದು. ಆಗಲೂ ಆ ಹಣ ನಿಮ್ಮ ಖಾತೆಯಲ್ಲಿಯೇ ಇರುತ್ತದೆ.

ಹೆದರಿಸುವವರು ಹೇಳದೆ ಬಿಡುವ ಭಾಗ ಗ್ರಾಚ್ಯುಟಿಯದು. ಅದರ ಸೂತ್ರ ಹಳೆಯದೇ: ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಹತ್ತು ವರ್ಷಕ್ಕೆ 16,000ದ ಮೇಲೆ ನಿಮಗೆ ಸಿಗುತ್ತಿದ್ದದ್ದು ಸುಮಾರು 92,308 ರೂಪಾಯಿ; 22,000ದ ಮೇಲೆ ಸುಮಾರು 1,26,923 ರೂಪಾಯಿ. ಮೂಲವೇತನವನ್ನು ಬೇಕೆಂದೇ ಕಿರಿದಾಗಿಸಿ ಭತ್ಯೆಗಳನ್ನು ಉಬ್ಬಿಸಿದ್ದ ಸಂಬಳಪಟ್ಟಿಗಳಿಗೆ ಬಿದ್ದ ಪೆಟ್ಟು ಇದು. ನಿಮ್ಮ ವಿಭಾಗದಲ್ಲಿ ಅವಧಿ ಗುತ್ತಿಗೆಯ ಮೇಲೆ ನೇರವಾಗಿ ನೇಮಕಗೊಂಡ ಸಹೋದ್ಯೋಗಿಗಳಿದ್ದರೆ, ಅವರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಗೆ ಅರ್ಹರು ಎಂಬುದನ್ನೂ ತಿಳಿಸಿ. ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು.

ಸಂಹಿತೆಗಳಲ್ಲಿ ಎಲ್ಲವೂ ಕಾರ್ಮಿಕರ ಪರವಾಗಿದೆ ಎಂದು ಇದರಿಂದ ತಿಳಿಯಬಾರದು. ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ಕಡಿತಗೊಳಿಸುವ, ಕಾರ್ಖಾನೆ ಮುಚ್ಚುವ ಸ್ವಾತಂತ್ರ್ಯ ಹಿಂದೆ 100ಕ್ಕಿಂತ ಕಡಿಮೆ ಕಾರ್ಮಿಕರಿದ್ದ ಕಾರ್ಖಾನೆಗಳಿಗಿತ್ತು. ಈಗ ಆ ಗೆರೆ 300ಕ್ಕೆ ಏರಿದೆ. ಪೀಣ್ಯದಂಥ ಕಡೆ ಬಹಳಷ್ಟು ಘಟಕಗಳು ಈ ಎರಡು ಸಂಖ್ಯೆಗಳ ನಡುವೆಯೇ ಇರುತ್ತವೆ. ಕಾರ್ಮಿಕ ಸಂಘಟನೆಗಳ ವಿರೋಧಕ್ಕೆ ಇದೊಂದು ಮುಖ್ಯ ಕಾರಣ, ಮತ್ತು ಆ ಆತಂಕ ಆಧಾರರಹಿತವೆಂದು ನಮಗೆ ಅನ್ನಿಸುವುದಿಲ್ಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ಆಹಾರ ತಲುಪಿಸುವ ಕೆಲಸ ಮಾಡುತ್ತೇನೆ. ನಮಗೆ ಅನ್ವಯಿಸುವುದು ಕೇಂದ್ರದ ಸಂಹಿತೆಯೋ, ರಾಜ್ಯದ ಕಾಯ್ದೆಯೋ? ಐ.ಡಿ. ಬ್ಲಾಕ್ ಮಾಡಿದರೆ ಯಾರನ್ನು ಕೇಳಬೇಕು?
— ಓದುಗರು, ಮೈಸೂರು

ಉತ್ತರ: ಎರಡೂ ನಿಮ್ಮನ್ನು ಕುರಿತೇ ಮಾತಾಡುತ್ತವೆ, ಆದರೆ ಬೇರೆ ಬೇರೆ ವಿಷಯ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯು ಆ್ಯಪ್ ಕಂಪನಿಗಳಿಂದ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು, ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 5ನ್ನು ಮೀರದಂತೆ, ಒಂದು ನಿಧಿಗೆ ಕಟ್ಟಿಸಿಕೊಳ್ಳಲು ದಾರಿ ಮಾಡಿದೆ. ಇದರ ಪ್ರಯೋಜನಕ್ಕೆ ಕೇಂದ್ರದ ಕಾರ್ಮಿಕರ ಪೋರ್ಟಲ್ ಆದ ಇ-ಶ್ರಮ್‌ನಲ್ಲಿ ನೋಂದಣಿ ಬಾಗಿಲು. ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಿ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ರಾಜ್ಯದ ಕಾಯ್ದೆಯಲ್ಲಿ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆ ಮೇಲೆ ವಿಧಾನಮಂಡಲದ ಒಪ್ಪಿಗೆ ಪಡೆದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆಯು ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುವುದರ ಜೊತೆಗೆ, ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಇಲ್ಲದೆ ಕಾರ್ಮಿಕರನ್ನು ಕೈಬಿಡಬಾರದೆಂದು ಹೇಳುತ್ತದೆ. ಬೆಳಿಗ್ಗೆ ಎದ್ದು ಆ್ಯಪ್ ತೆರೆದಾಗ ಐ.ಡಿ. ಸತ್ತಿರುವುದು ಕಂಡರೆ, ಪರದೆಯ ಚಿತ್ರ, ಕಳೆದ ಕೆಲವು ವಾರಗಳ ಸಂದಾಯದ ವಿವರ ಎರಡನ್ನೂ ಮೊದಲು ಉಳಿಸಿಕೊಳ್ಳಿ. ಆಮೇಲೆ ಕಂಪನಿಗೆ ಬರವಣಿಗೆಯಲ್ಲಿ ಕಾರಣ ಕೇಳಿ. ಸಹಾಯವಾಣಿಯ ಮಾತುಕತೆಗೆ ಸಾಕ್ಷ್ಯವಿರುವುದಿಲ್ಲ.

ಪ್ರಶ್ನೆ: ನರೇಗಾ ಹೋಗಿ ಹೊಸ ಕಾಯ್ದೆ ಬಂದಿದೆ, 125 ದಿನ ಕೆಲಸ ಎನ್ನುತ್ತಾರೆ. ನಮ್ಮೂರಿನ ಹೆಣ್ಣುಮಕ್ಕಳು ‘ಇಪ್ಪತ್ತೈದು ದಿನ ಹೆಚ್ಚಾಯಿತಲ್ಲ’ ಎಂದು ಖುಷಿಯಲ್ಲಿದ್ದಾರೆ. ಸದಸ್ಯೆಯಾಗಿ ನಾನು ಏನು ಹೇಳಲಿ?
— ಗ್ರಾಮ ಪಂಚಾಯಿತಿ ಸದಸ್ಯೆ, ರಾಯಚೂರು ಜಿಲ್ಲೆ

ಉತ್ತರ: 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಆರಂಭವಾದ ದೇಶದ 200 ಜಿಲ್ಲೆಗಳಲ್ಲಿ ನಿಮ್ಮ ರಾಯಚೂರೂ ಒಂದು. ಹಾಗಾಗಿ ಕೆಲಸ ಕೇಳುವುದು ಹಕ್ಕು ಎಂಬ ತಿಳಿವಳಿಕೆ ನಿಮ್ಮ ಕಡೆ ಹೊಸದಲ್ಲ. ‘ವಿಬಿ–ಜಿ ರಾಮ್ ಜಿ’ ಎಂದು ಕರೆಯಲಾಗುತ್ತಿರುವ ಹೊಸ ಕಾಯ್ದೆಗೆ 2025ರ ಡಿಸೆಂಬರ್ 21ರಂದು ಅಂಕಿತ ಬಿತ್ತು. ಜಾರಿಯ ದಿನವನ್ನು ಕೇಂದ್ರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು, ಅಲ್ಲಿಂದ ಆರು ತಿಂಗಳೊಳಗೆ ರಾಜ್ಯ ತನ್ನ ಯೋಜನೆ ರೂಪಿಸಬೇಕು ಎಂಬುದು ಅದರೊಳಗಿನ ವ್ಯವಸ್ಥೆ. ಆದ್ದರಿಂದ ಅಂಕಿತದ ಸುದ್ದಿ ಓದಿ ಯಾರೂ ತಮ್ಮ ಜಾಬ್ ಕಾರ್ಡನ್ನು ಮೂಲೆಗೆ ಎಸೆಯಬಾರದು.

ದಿನಗಳ ಲೆಕ್ಕ ಸರಳವಾಗಿದೆ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ನೂರು ದಿನಕ್ಕೆ 37,000, ನೂರಿಪ್ಪತ್ತೈದು ದಿನಕ್ಕೆ 46,250. ಖುಷಿಪಡಬೇಕಾದ ವ್ಯತ್ಯಾಸವೇ. ಆದರೆ ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಇಡೀ ಕಾಯ್ದೆಯ ಗುಟ್ಟಿದೆ. ನರೇಗಾದಲ್ಲಿ ಕೂಲಿಯ ಪೂರ್ತಿ ವೆಚ್ಚ ಕೇಂದ್ರದ್ದು. ಸಾಮಗ್ರಿಯ ವೆಚ್ಚದಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು. ಹೊಸ ವ್ಯವಸ್ಥೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೂಲಿಯೂ ಸೇರಿ ಕೇಂದ್ರ 60, ರಾಜ್ಯ 40. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ: ಹಿಂದೆ ಜನ ಕೆಲಸ ಕೇಳಿದಷ್ಟೂ ಹಣ ಬರಬೇಕೆಂಬುದು ತತ್ವ, ಈಗ ಕೇಂದ್ರ ಪ್ರತಿ ರಾಜ್ಯಕ್ಕೆ ವರ್ಷದ ಪಾಲನ್ನು ಮೊದಲೇ ಗೊತ್ತುಮಾಡುತ್ತದೆ, ಅದನ್ನು ಮೀರಿದ ಖರ್ಚು ರಾಜ್ಯದ ಹೆಗಲಿಗೆ. ಬರ ಬಿದ್ದ ವರ್ಷ ಅರ್ಜಿಗಳು ಇಮ್ಮಡಿಯಾದರೆ ಏನಾಗುತ್ತದೆ ಎಂಬುದೇ ಇದರ ನಿಜವಾದ ಪರೀಕ್ಷೆ. 125 ಎಂಬ ಸಂಖ್ಯೆಯ ಬೆಲೆ ಆ ವರ್ಷ ತಿಳಿಯುತ್ತದೆ.

ಮೂರನೆಯದು ಬಿತ್ತನೆ ಮತ್ತು ಸುಗ್ಗಿಯ ಬಿಡುವು. ಕೃಷಿಗೆ ಆಳು ಸಿಗಲೆಂದು ವರ್ಷದಲ್ಲಿ ಒಟ್ಟು 60 ದಿನ ಈ ಕೆಲಸಗಳನ್ನು ನಿಲ್ಲಿಸಬೇಕು. ಯಾವ ದಿನಗಳೆಂಬುದನ್ನು ರಾಜ್ಯ ಮೊದಲೇ ಪ್ರಕಟಿಸಬೇಕು, ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆ ಇಡಲೂಬಹುದು. ನಿಮ್ಮ ಮಾತಿಗೆ ತೂಕ ಬರುವುದು ಇಲ್ಲಿ. ತುಂಗಭದ್ರಾ ಕಾಲುವೆಯ ನೀರು ಹರಿಯುವ ಊರಿನಲ್ಲಿ ಭತ್ತದ ನಾಟಿಯ ಕಾಲ ಬೇರೆ, ಮಳೆ ನಂಬಿದ ಊರಿನಲ್ಲಿ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕಾಲ ಬೇರೆ. ಒಂದೇ ಜಿಲ್ಲೆಗೆ ಒಂದೇ ಪಟ್ಟಿ ಮಾಡಿದರೆ, ಹೊಲದಲ್ಲೂ ಕೆಲಸವಿಲ್ಲದ, ಪಂಚಾಯಿತಿಯಲ್ಲೂ ಕೆಲಸವಿಲ್ಲದ ದಿನಗಳು ಯಾವುದೋ ಒಂದು ಊರಿನ ಪಾಲಿಗೆ ಬರುತ್ತವೆ. ನಿಮ್ಮ ಊರಿನ ಕೃಷಿ ದಿನಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ನಿರ್ಣಯವಾಗಿ ಬರೆಸಿ ತಾಲ್ಲೂಕು ಪಂಚಾಯಿತಿಗೆ ಕಳಿಸಿ. ಕೆಲಸ ಕೇಳಿ ಕೊಟ್ಟ ಅರ್ಜಿಗೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯಲು ಹೆಣ್ಣುಮಕ್ಕಳಿಗೆ ಈಗಿನಿಂದಲೇ ರೂಢಿ ಮಾಡಿಸಿ. ಹದಿನೈದು ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಎಂಬ ಅಂಶ ಹೊಸ ಕಾಯ್ದೆಯಲ್ಲೂ ಇದೆ, ಆದರೆ ಸ್ವೀಕೃತಿಯಿಲ್ಲದವರಿಗೆ ಹದಿನೈದು ದಿನ ಎಂದಿನಿಂದ ಎಣಿಸುವುದು?

ಪ್ರಶ್ನೆ: ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೆ. ‘ವೈಯಕ್ತಿಕ ಮಾಹಿತಿ, ಹೊಸ ಡೇಟಾ ಕಾಯ್ದೆಯಂತೆ ಕೊಡಲಾಗದು’ ಎಂದು ಹಿಂಬರಹ ಬಂದಿದೆ. ಆದರೆ ಅದೇ ಡೇಟಾ ಕಾಯ್ದೆ ತೋರಿಸಿ ಅಂಗಡಿಯವರಿಗೆ ಮೊಬೈಲ್ ಸಂಖ್ಯೆ ಕೊಡುವುದಿಲ್ಲ ಎಂದರೆ, ಅದಿನ್ನೂ ಜಾರಿಯಾಗಿಲ್ಲ ಎನ್ನುತ್ತಾರೆ. ಯಾವುದು ನಿಜ?
— ಓದುಗರು, ಧಾರವಾಡ

ಉತ್ತರ: ವಿಚಿತ್ರವೆನಿಸಿದರೂ ಎರಡೂ ಬಹುಮಟ್ಟಿಗೆ ನಿಜ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದದ್ದು 2023ರ ಆಗಸ್ಟಿನಲ್ಲಿ, ನಿಯಮಾವಳಿ ಹೊರಟದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ಮತ್ತು ಅಂಗಡಿಗಳು ಒಪ್ಪಿಗೆ ಪಡೆಯಬೇಕು, ಉದ್ದೇಶ ತಿಳಿಸಬೇಕು, ಬೇಡವೆಂದರೆ ಅಳಿಸಬೇಕು ಎಂಬ ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ, ಅಂದರೆ 2027ರ ಮೇ ತನಕ. ಆದರೆ ಅದೇ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ ಮಾತ್ರ ನಿಯಮಾವಳಿ ಹೊರಟ ಹೊತ್ತಿಗೇ ಜಾರಿಗೆ ಬಂತು. ನಾಗರಿಕನಿಗೆ ರಕ್ಷಣೆ ಕೊಡುವ ಭಾಗಕ್ಕೆ ಒಂದೂವರೆ ವರ್ಷದ ಬಿಡುವು, ಕಚೇರಿಗಳಿಗೆ ಮಾಹಿತಿ ತಡೆಹಿಡಿಯಲು ನೆರವಾಗುವ ಭಾಗಕ್ಕೆ ಒಂದು ದಿನದ ಬಿಡುವೂ ಇಲ್ಲ. ಈ ಅನುಕ್ರಮ ನಮಗೆ ಸಮರ್ಥನೀಯವಾಗಿ ಕಾಣುವುದಿಲ್ಲ.

ಹಿಂದೆ ಕಲಂ 8(1)ರ ಜೆ ಖಂಡದಲ್ಲಿ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ವಿನಾಯಿತಿ ಇತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದೆಂಬ ಪರಂತುಕವೂ ಇತ್ತು. ಈಗ ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ ಮಾತು. ನಿಮಗೆ ಹಿಂಬರಹ ಕೊಟ್ಟ ಅಧಿಕಾರಿ ಇದನ್ನೇ ಹಿಡಿದಿದ್ದಾರೆ.

ಆದರೆ ನಿಮ್ಮ ಕೈಯಲ್ಲಿ ಎರಡು ಕಲಂಗಳು ಇನ್ನೂ ಇವೆ. ಸಾರ್ವಜನಿಕ ಹಿತವು ಆಗಬಹುದಾದ ಹಾನಿಗಿಂತ ದೊಡ್ಡದಾಗಿದ್ದರೆ ವಿನಾಯಿತಿಯಿದ್ದರೂ ಮಾಹಿತಿ ಕೊಡಬಹುದೆನ್ನುವ ಕಲಂ 8(2) ಹಾಗೆಯೇ ಉಳಿದಿದೆ. ಇನ್ನೊಂದು ಕಲಂ 4: ಸಹಾಯಧನದ ಕಾರ್ಯಕ್ರಮಗಳ ಅನುಷ್ಠಾನ, ಹಂಚಿಕೆಯಾದ ಮೊತ್ತ, ಫಲಾನುಭವಿಗಳ ವಿವರ ಇವುಗಳನ್ನು ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ ಅದು. 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ ಈ ಎರಡನ್ನೂ ಹೆಸರಿಸಿ ಬರೆಯಿರಿ. ಬೇಕಾದದ್ದು ಫಲಾನುಭವಿಯ ಹೆಸರು, ಊರು, ಮಂಜೂರಾದ ಮೊತ್ತ ಅಷ್ಟೇ ಆದರೆ, ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ಮರೆಮಾಡಿ ಕೊಟ್ಟರೆ ಸಾಕೆಂದು ನೀವೇ ಮೊದಲು ಹೇಳಿಬಿಡಿ. ನಿರಾಕರಣೆಯ ಕಾರಣಗಳಲ್ಲಿ ಅರ್ಧ ಅಲ್ಲಿಯೇ ಕರಗುತ್ತವೆ.

ಪ್ರಶ್ನೆ: ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಎಂದಿದ್ದಾರೆ. 2025–26ರ ಪಿಂಚಣಿಗೆ ನಾನು ಸಲ್ಲಿಸುವ ವಿವರಪಟ್ಟಿ ಯಾವ ಕಾಯ್ದೆಯದು?
— ಪಿಂಚಣಿದಾರರು, ಉಡುಪಿ

ಉತ್ತರ: ಹಳೆಯದರದ್ದು. 2026ರ ಮಾರ್ಚ್ 31ರವರೆಗೆ ಗಳಿಸಿದ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ, ವಿವರಪಟ್ಟಿಯನ್ನು ಆಮೇಲೆ ಸಲ್ಲಿಸಿದರೂ ಸರಿ. 2026ರ ಏಪ್ರಿಲ್‌ನಿಂದ ಗಳಿಸುವುದಕ್ಕೆ 2025ರ ಕಾಯ್ದೆ; ಹಣಕಾಸು ವರ್ಷ, ನಿರ್ಧರಣಾ ವರ್ಷ ಎಂಬ ಜೋಡಿ ಗೊಂದಲದ ಬದಲು ಅದರಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಪದವಿದೆ. ಇಷ್ಟು ವರ್ಷ ಆ ಎರಡನ್ನು ಅದಲುಬದಲು ಮಾಡಿ ಚಲನ್ ತುಂಬಿದವರಿಗೆ ಇದೊಂದೇ ಸುಧಾರಣೆ ಸಾಕು.

ಪ್ರಶ್ನೆ: ಈಗ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಬೇಕಂತೆ. ನಮ್ಮ ತಾಯಿ 1958ರಲ್ಲಿ ಮನೆಯಲ್ಲಿಯೇ ಹುಟ್ಟಿದವರು, ಯಾವ ದಾಖಲೆಯೂ ಇಲ್ಲ. ಏನು ಮಾಡಬೇಕು?
— ಗೃಹಿಣಿ, ಹಾವೇರಿ

ಉತ್ತರ: ನಿಮ್ಮ ತಾಯಿಯವರಿಗೆ ಆ ತೊಂದರೆಯಿಲ್ಲ. ಶಾಲೆಗೆ ಸೇರಿಸಲು, ಮತದಾರರ ಪಟ್ಟಿಗೆ, ಚಾಲನಾ ಪರವಾನಗಿಗೆ, ಸರ್ಕಾರಿ ನೌಕರಿಗೆ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆಯಾಗಿ ಜನನ ಪ್ರಮಾಣಪತ್ರವೇ ಬೇಕೆನ್ನುವ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂತು, ಮತ್ತು ಅದು ಅನ್ವಯಿಸುವುದು ಆ ದಿನ ಅಥವಾ ಆ ನಂತರ ಹುಟ್ಟಿದವರಿಗೆ ಮಾತ್ರ. ಮನೆಯಲ್ಲಿ ಆ ಮೇಲೆ ಹುಟ್ಟಿದ ಮಗುವೇನಾದರೂ ಇದ್ದರೆ ಅದರ ಪತ್ರವನ್ನು ಇವತ್ತೇ ತೆಗೆದು ನೋಡಿ. ಆಸ್ಪತ್ರೆಯಿಂದ ಬಂದ ವಿವರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ತೊಟ್ಟಿಲಿಗೆ ಹಾಕಿದ ಮೇಲೆ ಬರೆಸೋಣವೆಂದು ಮರೆತವರು ಬಹಳ. ನೋಂದಣಿಯಾಗಿ ಒಂದು ವರ್ಷದೊಳಗಾದರೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸುತ್ತಾರೆ.